ಜಗ್ಗದ ಬೋಲ್ಟು

ಆದಿತ್ಯವಾರದ ಬೆಳಗಿನಲ್ಲಿ ಗೃಹಸ್ಥರಿಗೆ ಬರುವ ಧೈರ್ಯ ವಾರದ ಉಳಿದ ಆರು ದಿನಗಳಲ್ಲಿ ಬರುವುದಿಲ್ಲ. ಸೋರುವ ನಲ್ಲಿ, ಕಿರುಗುಟ್ಟುವ ಬಾಗಿಲು, ನಿಂತುಹೋದ ಗಡಿಯಾರ ಇವೆಲ್ಲ ಆ ಧೈರ್ಯಕ್ಕೆ ಗುರಿಯಾಗಿ, ಕೆಲವು ನೇರ್ಪಟ್ಟು, ಕೆಲವು ಇನ್ನಷ್ಟು ಕೆಟ್ಟು, ಸೋಮವಾರದ ಹೊತ್ತಿಗೆ ಮರೆತುಹೋಗುತ್ತವೆ. ನಲ್ಲಿ ಕೆಟ್ಟರೆ ನೆಲ ಒದ್ದೆಯಾದೀತು. ಗಡಿಯಾರ ಕೆಟ್ಟರೆ ಹೊತ್ತು ತಪ್ಪೀತು. ಅದೇ ಧೈರ್ಯ ಸ್ಪ್ಯಾನರನ್ನು ಕೈಯಲ್ಲಿ ಹಿಡಿದು ಕಾರಿನ ಅಡಿಗೆ ನುಸುಳಿದಾಗ ಮಾತ್ರ ಲೆಕ್ಕ ಬೇರೆಯಾಗುತ್ತದೆ.

ಉಡುಪಿಯಲ್ಲಿ ಒಬ್ಬ ಬ್ಯಾಂಕ್ ನೌಕರರಿದ್ದಾರೆ. ರಾಯರು ಎಂದರೆ ಇಲ್ಲಿಗೆ ಸಾಕು. ಅವರ ಮನೆಯಲ್ಲಿ ತಂದೆಯ ಕಾಲದ ಮಾರುತಿ 800 ಗಾಡಿಯೊಂದಿದೆ. 1983ರ ಡಿಸೆಂಬರಿನಲ್ಲಿ ಮೊದಲು ಕೊಳ್ಳುವವರ ಕೈಸೇರಿ, 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ಪುಟ್ಟ ಕಾರು ಎಷ್ಟೋ ಸಂಸಾರಗಳ ಮೊದಲನೆಯ ಕಾರು. ರಾಯರ ಮನೆಯಲ್ಲಿ ಅದು ಮೊದಲನೆಯದೂ ಹೌದು, ಈವರೆಗಿನ ಕೊನೆಯದೂ ಹೌದು. ತಂದೆ ತೀರಿಕೊಂಡ ಮೇಲೂ ಅದನ್ನು ಮಾರುವುದಕ್ಕೆ ತಾಯಿಗೆ ಮನಸ್ಸಿಲ್ಲ. ಹದಿನೈದು ವರ್ಷ ಕಳೆದಾಗ ನೋಂದಣಿಯನ್ನು ನವೀಕರಿಸಿ ಉಳಿಸಿಕೊಂಡಿದ್ದಾರೆ. ಕಳೆದ ಮಳೆಗಾಲದಿಂದ ಅದರ ಮುಂದಿನ ಎಡಚಕ್ರದ ಬಳಿ, ರಸ್ತೆಯ ಉಬ್ಬನ್ನು ದಾಟುವಾಗಲೆಲ್ಲ, ಮರದ ಪೆಟ್ಟಿಗೆಯಲ್ಲಿ ಕಲ್ಲು ಉರುಳಿದಂತೆ ಒಂದು ಶಬ್ದ. ಎಡಗಡೆಯ ಆಸನದಲ್ಲಿ ಕೂರುವ ತಾಯಿಗೆ ಅದು ಮೊದಲು ಕೇಳಿಸಿತು.

"ಎಂತದೋ ಕಳಚಿ ಬೀಳುವ ಹಾಗೆ ಕೇಳ್ತದಲ್ಲ ಮಗಾ?" ಎಂದು ಅವರು ಎರಡು ಮೂರು ಸಲ ಹೇಳಿದರು. ಬ್ರೇಕು ಒತ್ತಿದಾಗ ಗಾಡಿ ತುಸು ಎಡಕ್ಕೆ ಎಳೆಯುತ್ತಿರುವುದು ರಾಯರ ಕೈಗೂ ತಿಳಿಯಿತು. ಬುಧವಾರ ತಾಯಿಯನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಗ್ಯಾರೇಜಿನವರು ಶುಕ್ರವಾರದ ತನಕ ಪುರಸೊತ್ತಿಲ್ಲ ಎಂದರು. ಹೀಗೆ ಆದಿತ್ಯವಾರದ ಧೈರ್ಯಕ್ಕೆ ಬೇಕಾದ ಕಾರಣವೂ ಒದಗಿತು.

ಆ ಶಬ್ದದ ಮೂಲ ಬಹಳ ಸಣ್ಣದು. ಕಾರಿನ ಮುಂದಿನ ಚಕ್ರವು ಮೇಲೆ ಕೆಳಗೆ ಆಡುವುದಕ್ಕೆ ಅದರ ಅಡಿಯಲ್ಲಿ ಒಂದು ಉಕ್ಕಿನ ತೋಳು ಇರುತ್ತದೆ. ತೋಳಿನ ಹೊರತುದಿ ಚಕ್ರದ ಗೆಣ್ಣಿಗೆ ಒಂದು ಗೋಲಕೀಲಿನಿಂದ ಸೇರುತ್ತದೆ. ಒಳತುದಿ ಕಾರಿನ ಒಡಲಿಗೆ ಒಂದು ಬೋಲ್ಟಿನಿಂದ. ಆ ಒಳತುದಿಯಲ್ಲಿ ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ರಬ್ಬರಿನ ಬುಷ್ ಇದೆ: ಹೊರಗೊಂದು ಉಕ್ಕಿನ ಬಳೆ, ಒಳಗೊಂದು ಉಕ್ಕಿನ ಕೊಳವೆ, ಎರಡಕ್ಕೂ ಅಂಟಿಕೊಂಡ ರಬ್ಬರು ಮಧ್ಯದಲ್ಲಿ. ರಸ್ತೆಯ ಪೆಟ್ಟನ್ನೆಲ್ಲ ನುಂಗುವುದು ಈ ಎರಡು ಬೆರಳಗಲದ ರಬ್ಬರು. ಇಪ್ಪತ್ತು ವರ್ಷ ನುಂಗಿ ನುಂಗಿ ಅದು ಹರಿದಿತ್ತು. ರಾಯರು ಬುಷ್ ಸಮೇತ ಹೊಸ ತೋಳನ್ನೇ ಕೊಂಡುತಂದರು. ಅಂಗಡಿಯವನು ಬಲಗಡೆಯದೂ ಬೇಡವೇ ಎಂದು ಕೇಳಿದ. ಶಬ್ದ ಎಡಗಡೆಯಲ್ಲಿ ಮಾತ್ರ ಎಂದು ಹೇಳಿ ಒಂದನ್ನೇ ತಂದರು.

ಹೊಸದನ್ನು ಹಾಕುವ ಕೆಲಸ ಅರ್ಧ ಗಂಟೆಯದು. ಹಳೆಯದನ್ನು ತೆಗೆಯುವ ಕೆಲಸಕ್ಕೆ ಅಂಥ ಲೆಕ್ಕವಿಲ್ಲ. ಕಾರಿನ ಅಡಿಯ ಕೆಲಸವನ್ನು ಒಮ್ಮೆಯಾದರೂ ಮಾಡಿದವರಿಗೆ ಇದು ಗೊತ್ತು. ಕೈಪಿಡಿಯಲ್ಲಿ 'ಬೋಲ್ಟನ್ನು ತೆಗೆಯಿರಿ' ಎಂಬ ಒಂದು ಮಾತಿನಲ್ಲಿ ಮುಗಿಯುವುದು ಅಂಗಳದಲ್ಲಿ ಮೂರು ದಿನ ಹಿಡಿಯಬಹುದು.

ಕರಾವಳಿಯಲ್ಲಿ ಇದು ಇನ್ನಷ್ಟು ನಿಜ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು. ಮಂಗಳೂರಿನಲ್ಲಿ 3,500 ಮಿಲಿಮೀಟರಿಗೂ ಮಿಕ್ಕಿ. ಅದರ ಮೇಲೆ ಕಡಲಿನ ಉಪ್ಪುಗಾಳಿ. ಚಳಿದೇಶಗಳಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿನ ಕಾರುಗಳ ಅಡಿಭಾಗ ಅದರಿಂದಲೇ ತಿಂದುಹೋಗುತ್ತದೆ. ಇಲ್ಲಿ ಆ ಸೇವೆಯನ್ನು ಸಮುದ್ರವೇ ಪುಕ್ಕಟೆಯಾಗಿ ಮಾಡುತ್ತದೆ. ಉಕ್ಕಿನ ಬೋಲ್ಟು ಉಕ್ಕಿನ ಕೊಳವೆಯೊಳಗೆ ಕೂದಲೆಳೆಯಷ್ಟು ಸಂದು ಬಿಟ್ಟು ಕೂತಿರುತ್ತದೆ. ಆ ಸಂದಿಗೆ ನೀರು ಇಳಿಯುತ್ತದೆ, ಹೊರಗೆ ಬರುವ ದಾರಿ ಕಾಣದೆ ಅಲ್ಲಿಯೇ ನಿಲ್ಲುತ್ತದೆ, ತುಕ್ಕು ಹುಟ್ಟುತ್ತದೆ. ತುಕ್ಕಿನ ಸ್ವಭಾವವೆಂದರೆ, ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಅದು ಬೇಡುತ್ತದೆ; ಎರಡು ಪಟ್ಟಿನಿಂದ ಆರು ಪಟ್ಟಿನವರೆಗೂ ಉಬ್ಬುತ್ತದೆ. ಉಬ್ಬುವುದಕ್ಕೆ ಜಾಗವಿಲ್ಲದ ಕಡೆ ಉಬ್ಬಿದರೆ ಆಗುವುದೇನು? ಬೋಲ್ಟೂ ಕೊಳವೆಯೂ ಒಂದೇ ಲೋಹದ ತುಂಡಾಗಿಬಿಡುತ್ತವೆ.

ಇದೊಂದು ವಿಚಿತ್ರವೂ ಹೌದು. ಹಿಂದಿನ ಲಾರಿ ಬಸ್ಸುಗಳಲ್ಲಿ ಪಟ್ಟಿ ಸ್ಪ್ರಿಂಗಿನ ತುದಿಗಳನ್ನು ಹಿಡಿದಿಡುವ ಪಿನ್ನುಗಳಿಗೆ ಗ್ರೀಸು ತುಂಬುವ ಮೂತಿಗಳಿದ್ದವು. ಅವು ಆಗಾಗ ಗ್ರೀಸನ್ನು ಬೇಡುತ್ತಿದ್ದವು. ಬೇಡಿದ್ದನ್ನು ಕೊಟ್ಟವರಿಗೆ ಬೇಕಾದಾಗ ಸುಲಭವಾಗಿ ಕಳಚಿ ಬರುತ್ತಿದ್ದವು. ರಬ್ಬರಿನ ಬುಷ್ ಏನನ್ನೂ ಬೇಡುವುದಿಲ್ಲ. ಹತ್ತು ಹದಿನೈದು ವರ್ಷ ಮೌನವಾಗಿ ದುಡಿಯುತ್ತದೆ, ಮತ್ತು ಬಿಡಬೇಕಾದ ದಿನ ಬಿಡುವುದಿಲ್ಲ.

ರಾಯರು ಅಂದು ಬೆಳಗ್ಗೆ ಎಂಟಕ್ಕೆ ಕೆಲಸಕ್ಕಿಳಿದರು. ಗಾಡಿ ನೆಲದ ಮೇಲಿರುವಾಗಲೇ ಚಕ್ರದ ನಟ್ಟುಗಳನ್ನು ಸಡಿಲಿಸಿ, ಹಿಂದಿನ ಚಕ್ರಗಳಿಗೆ ಅಡ್ಡಲಾಗಿ ಕಲ್ಲು ಕೊಟ್ಟು, ಜಾಕಿ ಎತ್ತಿ, ಚಕ್ರವನ್ನು ತೆಗೆದರು. ಅಲ್ಲಿಯವರೆಗೆ ಎಲ್ಲವೂ ಸರಿ. ಒಳತುದಿಯ ಬೋಲ್ಟಿಗೆ ಸ್ಪ್ಯಾನರು ಕೊಟ್ಟು ಎಳೆದರು. ಜಗ್ಗಲಿಲ್ಲ. ಸ್ಪ್ಯಾನರಿಗೆ ಒಂದು ಕೊಳವೆಯನ್ನು ತೊಡಿಸಿ, ಉದ್ದಮಾಡಿ, ಕಾಲನ್ನು ಗೋಡೆಗೆ ಕೊಟ್ಟು ಎಳೆದರು. ಬೋಲ್ಟು ತಿರುಗಿತು! ಕಾಲು ಸುತ್ತು, ಅದಕ್ಕಿಂತಲೂ ತುಸು ಹೆಚ್ಚು. ಅಡಿಗೆಮನೆಯವರೆಗೂ ಕೇಳುವಂತೆ "ಬಂತು" ಎಂದು ಕೂಗಿದರು. ಸ್ಪ್ಯಾನರನ್ನು ಬಿಟ್ಟ ಕೂಡಲೆ ಬೋಲ್ಟು ಬಂದ ದಾರಿಯಲ್ಲಿಯೇ ಹಿಂತಿರುಗಿ, ಮೊದಲಿದ್ದಲ್ಲಿಗೆ ಹೋಗಿ ನಿಂತಿತು.

ಮತ್ತೆ ಎಳೆದರು, ಮತ್ತೆ ತಿರುಗಿತು, ಮತ್ತೆ ಹಿಂತಿರುಗಿತು. ಹೀಗೆ ಹತ್ತು ಸಲವಾಯಿತು. ಹೊರಗಿನಿಂದ ನೋಡಿದವರಿಗೆ ರಾಯರು ಯಾವುದೋ ಯಂತ್ರಕ್ಕೆ ಕೀಲಿ ಕೊಡುತ್ತಿರುವಂತೆ ಕಾಣಿಸಿರಬೇಕು.

ಪಕ್ಕದ ಮನೆಯಲ್ಲಿ ಬಸ್ಸಿನ ಗ್ಯಾರೇಜಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಒಬ್ಬ ಮೇಸ್ತ್ರಿಗಳಿದ್ದಾರೆ. ಕರೆಯದೆ ಬರುವವರಲ್ಲ. ಆದರೆ ಆವರಣದ ಗೋಡೆ ಗಿಡ್ಡ. ಶಬ್ದಕ್ಕೆ ಗೋಡೆಯೂ ಇಲ್ಲ.

"ಅದು ತಿರುಗುದಲ್ಲ ರಾಯ್ರೇ," ಎಂದರು ಗೋಡೆಯಾಚೆಯಿಂದ. "ತಿರ್ಚಿಕೊಳ್ಳುದು."

ಒಂದೇ ಮಾತಿನಲ್ಲಿ ಅವರು ಎಲ್ಲವನ್ನೂ ಹೇಳಿದ್ದರು. ಬೋಲ್ಟು ತನ್ನ ಕೊಳವೆಯೊಂದಿಗೆ ಒಂದಾಗಿದೆ. ಕೊಳವೆ ರಬ್ಬರಿಗೆ ಅಂಟಿದೆ. ರಬ್ಬರು ಹೊರಗಿನ ಬಳೆಗೆ. ತಿರುಗಿಸಿದಾಗ ತಿರುಗುವುದು ತುಕ್ಕಿನ ಹಿಡಿತವಲ್ಲ, ರಬ್ಬರು ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತಿದೆ, ಬಿಟ್ಟಾಗ ಬಿಚ್ಚಿಕೊಳ್ಳುತ್ತಿದೆ. ಇಂಥ ಕೆಲಸದಲ್ಲಿ ಬಲಕ್ಕಿಂತ ಮೊದಲು ಬೇಕಾದದ್ದು ಈ ತಿಳಿವಳಿಕೆ: ಹಿಡಿದಿರುವುದು ಯಾರು? ಕಾರಿನ ಅಡಿಯಲ್ಲಿ ಹಟ ಹಿಡಿಯುವ ಭಾಗಗಳೆಲ್ಲ ಒಂದೇ ಕಾರಣಕ್ಕೆ ಹಟ ಹಿಡಿಯುವುದಿಲ್ಲ. ಕೆಲವನ್ನು ತುಕ್ಕು ಹಿಡಿದಿರುತ್ತದೆ. ಕೆಲವನ್ನು ಅವುಗಳ ಆಕಾರವೇ. ಕೆಲವನ್ನು ಯಾರೂ ಹಿಡಿದಿರುವುದಿಲ್ಲ, ಅವೇ ಇನ್ನೊಂದನ್ನು ಅದುಮಿ ಹಿಡಿದಿರುತ್ತವೆ. ಮೊದಲನೆಯದಕ್ಕೆ ಕಾಲಾವಕಾಶ ಬೇಕು, ಎರಡನೆಯದಕ್ಕೆ ಉಪಾಯ ಬೇಕು. ಮೂರನೆಯದಕ್ಕೆ ಮನೆಯಲ್ಲಿ ಕೈಹಚ್ಚಲೇಬಾರದು.

ಮೇಸ್ತ್ರಿಗಳು ಗೋಡೆ ದಾಟಿ ಬಂದದ್ದು ಬೋಲ್ಟನ್ನು ನೋಡಿ ಅಲ್ಲ, ಜಾಕಿಯನ್ನು ನೋಡಿ. ಗಾಡಿ ಜಾಕಿಯ ಮೇಲೆ ಮಾತ್ರ ನಿಂತಿತ್ತು. ಆ ಗಾಡಿಯ ತೂಕ ಸುಮಾರು 650 ಕಿಲೋಗ್ರಾಂ. ಕಾರುಗಳಲ್ಲಿ ಹಗುರವೆನಿಸಿಕೊಂಡದ್ದು, ಆದರೂ ಮನುಷ್ಯನ ಎದೆಗೆ ಹಗುರವಲ್ಲ. ಚಕ್ರ ಬದಲಿಸುವುದಕ್ಕಷ್ಟೇ ಜಾಕಿ ಇರುವುದು. ಅದರ ಮೇಲೆ ನಿಂತ ಗಾಡಿಯ ಅಡಿಗೆ ಕೈಯನ್ನು ಕೂಡ ಚಾಚಬಾರದು. ಅದರಲ್ಲಿಯೂ ಜಗ್ಗದ ಬೋಲ್ಟಿನ ಕೆಲಸದಲ್ಲಿ ಅಪಾಯ ಇಮ್ಮಡಿ. ಬೋಲ್ಟು ಬಿಡದಿದ್ದಷ್ಟೂ ಎಳೆತ ಹೆಚ್ಚುತ್ತದೆ. ಆ ಎಳೆತವೆಲ್ಲ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಜಾಕಿ ಪಕ್ಕದ ತಳ್ಳಿಗೆ ನಿಲ್ಲುವುದಲ್ಲ. ಕೊಳವೆ ತೊಡಿಸಿದ ಸ್ಪ್ಯಾನರನ್ನು ಗೋಡೆಗೆ ಕಾಲು ಕೊಟ್ಟು ಎಳೆದಾಗ ರಾಯರು ತಮಗೆ ತಿಳಿಯದೆ ತಮ್ಮ ಮೇಲೆ ಗಾಡಿಯನ್ನು ಎಳೆದುಕೊಳ್ಳುತ್ತಿದ್ದರು.

"ಅಮ್ಮ ಒಳಗೆ ಇದ್ದಾರಾ?" ಎಂದು ಮೇಸ್ತ್ರಿಗಳು ಕೇಳಿದರು. ಇದ್ದಾರೆ ಎಂದಾಗ, "ಹಾಗಾದ್ರೆ ಸದ್ಯ ಎಂತದೂ ಹೇಳುದು ಬೇಡ" ಎಂದು, ತಮ್ಮ ಮನೆಯಿಂದ ಎರಡು ಕಬ್ಬಿಣದ ಸ್ಟ್ಯಾಂಡುಗಳನ್ನು ತಂದು, ಅವುಗಳ ಅಡಿಗೆ ದಪ್ಪ ಹಲಗೆ ಕೊಟ್ಟು, ಗಾಡಿಯನ್ನು ಅವುಗಳ ಮೇಲೆ ಇಳಿಸಿದರು. ಮುರಕಲ್ಲಿನ ಮಣ್ಣಿನ ಅಂಗಳದಲ್ಲಿ ಹಲಗೆಯಿಲ್ಲದ ಸ್ಟ್ಯಾಂಡು ಒಂದು ಕಡೆಗೆ ಕುಸಿಯುತ್ತದೆ. ಕಳಚಿದ ಚಕ್ರವನ್ನು ಗಾಡಿಯ ಅಂಚಿನ ಅಡಿಗೆ ಉರುಳಿಸಿ ಮಲಗಿಸಿದರು. ಎಲ್ಲವೂ ಕೈಕೊಟ್ಟರೆ ಗಾಡಿ ಅದರ ಮೇಲೆ ಕೂರಲಿ ಎಂದು. ಸ್ಟ್ಯಾಂಡಿಲ್ಲದವರು ಸಿಮೆಂಟಿನ ಟೊಳ್ಳು ಇಟ್ಟಿಗೆಯನ್ನು ಇಡುವುದುಂಟು. ಅದು ನಿಂತಿರುವ ತನಕ ನಿಂತಿರುತ್ತದೆ, ಒಡೆಯುವಾಗ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ. ಆಮೇಲೆ ಮೇಸ್ತ್ರಿಗಳು ಗಾಡಿಯನ್ನು ಭುಜದಿಂದ ಎರಡು ಸಲ ಬಲವಾಗಿ ತಳ್ಳಿ ನೋಡಿದರು. ಬೀಳುವುದಿದ್ದರೆ ಯಾರೂ ಅಡಿಯಲ್ಲಿ ಇಲ್ಲದಾಗಲೇ ಬೀಳಲಿ.

ತುಕ್ಕಿಗೆ ಕಾಲಾವಕಾಶ ಕೊಡುವುದೆಂದರೆ ಸುಮ್ಮನೆ ಕೂರುವುದಲ್ಲ. ತಂತಿ ಬ್ರಷ್ಷಿನಿಂದ ಬೋಲ್ಟಿನ ಎರಡೂ ತುದಿಗಳನ್ನು ಉಜ್ಜಿ, ಮೇಲಿನ ತುಕ್ಕಿನ ಸಿಪ್ಪೆಯನ್ನು ತೆಗೆಯಬೇಕು. ಈ ಹೊತ್ತಿನಲ್ಲಿ ಕಣ್ಣಿಗೆ ಕನ್ನಡಕವಿರಬೇಕು. ಮಲಗಿ ಮೇಲೆ ನೋಡುವವನ ಕಣ್ಣಿಗೇ ತುಕ್ಕು ಉದುರುವುದು. ಆಮೇಲೆ ತೆಳುವಾದ ಎಣ್ಣೆ. ಹಳೆಯ ಗ್ಯಾರೇಜುಗಳಲ್ಲಿ ಸೀಮೆಎಣ್ಣೆಗೆ ತುಸು ಎಂಜಿನ್ ಎಣ್ಣೆಯನ್ನು ಬೆರೆಸಿಕೊಳ್ಳುತ್ತಿದ್ದರು. ಈಗ ಡಬ್ಬಿಯಲ್ಲಿ ಸಿಂಪಡಿಸುವಂಥವು ಬರುತ್ತವೆ. ಅವುಗಳಲ್ಲಿ ಹೆಸರಾದ ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯೇಗೊ ನಗರದಲ್ಲಿ. ನಲವತ್ತನೆಯ ಪ್ರಯತ್ನಕ್ಕೆ ಕೈಗೂಡಿದ್ದರಿಂದ ಆ ಅಂಕಿ. ಅಟ್ಲಾಸ್ ಎಂಬ ಕ್ಷಿಪಣಿಯ ಹೊರಮೈ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೊದಲ ಉದ್ಯೋಗ. ನೀರನ್ನು ಹೊರದೂಡುವುದೇ ಅದರ ಮೂಲ ಗುಣ. ಜಗ್ಗದ ಬೋಲ್ಟಿಗೆ ಅದೂ ನಡೆದೀತು, ಆದರೆ ತುಕ್ಕಿನ ಸಂದಿಗೆ ಇಳಿಯಲೆಂದೇ ಮಾಡಿದ ಎಣ್ಣೆಗಳು ಇದಕ್ಕಿಂತ ಮೇಲು. ಯಾವುದಾದರೂ ಆಗಲಿ, ಸಿಂಪಡಿಸಿದ ಮರುಗಳಿಗೆಯಲ್ಲಿ ಸ್ಪ್ಯಾನರಿಗೆ ಕೈಹಾಕಿದರೆ ಎಣ್ಣೆ ಹಾಕಿದ ಪ್ರಯೋಜನವಿಲ್ಲ. ದೀಪದ ಬತ್ತಿಗೆ ಎಣ್ಣೆ ಏರುವಂತೆ ಅದು ತಾನಾಗಿ ಸಂದಿಗೆ ಏರಬೇಕು. ಸಂಜೆ ಒಮ್ಮೆ, ರಾತ್ರಿ ಒಮ್ಮೆ, ಬೆಳಗ್ಗೆ ಒಮ್ಮೆ. ಪ್ರತಿ ಸಲವೂ ಬೋಲ್ಟಿನ ತಲೆಯ ಮೇಲೆ ಸುತ್ತಿಗೆಯಿಂದ ನಾಲ್ಕು ಪೆಟ್ಟು; ಮುರಿಯುವುದಕ್ಕಲ್ಲ, ನಡುಗಿಸುವುದಕ್ಕೆ. ನಡುಗಿದಾಗ ತುಕ್ಕು ಬಿರಿಯುತ್ತದೆ, ಬಿರುಕಿಗೆ ಎಣ್ಣೆ ಇಳಿಯುತ್ತದೆ.

ಸ್ಪ್ಯಾನರಿನ ವಿಷಯದಲ್ಲಿಯೂ ಮೇಸ್ತ್ರಿಗಳಿಗೆ ಒಂದು ಕಟ್ಟುನಿಟ್ಟು. ರಾಯರ ಕೈಯಲ್ಲಿದ್ದದ್ದು ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರು. ಅದು ಬೋಲ್ಟಿನ ತಲೆಯನ್ನು ಮೂಲೆಗಳಲ್ಲಿ ಮಾತ್ರ ಹಿಡಿಯುತ್ತದೆ. ಮೂಲೆ ತುಕ್ಕಿನಿಂದ ಸವೆದಿದ್ದರೆ ಜಾರಿ, ಇರುವ ಮೂಲೆಯನ್ನೂ ಉರುಟು ಮಾಡುತ್ತದೆ. ಆರು ಮೂಲೆಯ ಸಾಕೆಟ್ಟು ಬದಿಗಳನ್ನೂ ಒತ್ತಿ ಹಿಡಿಯುತ್ತದೆ. ಬಿಚ್ಚುವ ಮೊದಲು ಒಂದಿಷ್ಟು ಬಿಗಿಮಾಡುವ ಕಡೆಗೇ ತಿರುಗಿಸಿ ನೋಡಬೇಕು ಎಂಬುದು ಹೊಸಬರಿಗೆ ವಿಪರೀತವಾಗಿ ಕಂಡೀತು. ತುಕ್ಕಿನ ಬೆಸುಗೆ ಯಾವ ದಿಕ್ಕಿಗೆ ಒಡೆದರೂ ಒಡೆದಂತೆಯೇ.

ಬೆಂಕಿಯ ಮಾತು ಬಂದೇ ಬರುತ್ತದೆ. ಗ್ಯಾರೇಜಿನವರು ಅನಿಲದ ಜ್ವಾಲೆಯಿಂದ ನಟ್ಟನ್ನು ಕೆಂಪಗೆ ಕಾಯಿಸಿ, ಅದು ಹಿಗ್ಗಿದಾಗ ಸಲೀಸಾಗಿ ತಿರುಗಿಸುವುದನ್ನು ರಾಯರು ನೋಡಿದ್ದರು. ಅದು ನಿಜವಾದ ವಿದ್ಯೆಯೇ. ಆದರೆ ಇಲ್ಲಿ ಬೋಲ್ಟಿನ ಸುತ್ತ ರಬ್ಬರಿದೆ, ಒಂದು ಗೇಣು ದೂರದಲ್ಲಿ ಬ್ರೇಕಿನ ಎಣ್ಣೆ ಹರಿಯುವ ರಬ್ಬರಿನ ಕೊಳವೆಯಿದೆ, ಆಗ ತಾನೆ ಸುರಿದ ತೆಳುವಾದ ಎಣ್ಣೆಯಿದೆ, ಗಾಡಿಯಲ್ಲಿ ಪೆಟ್ರೋಲಿದೆ. ಮನೆಯ ಅಂಗಳದಲ್ಲಿ ಇಷ್ಟನ್ನೂ ಒಂದೆಡೆ ಸೇರಿಸಿ ಬೆಂಕಿ ಹಚ್ಚುವುದನ್ನು ದುರಸ್ತಿ ಎಂದು ಕರೆಯುವುದು ಕಷ್ಟ.

ಆದಿತ್ಯವಾರ ಅಲ್ಲಿಗೆ ಮುಗಿಯಿತು. ಗೋಲಕೀಲಿನ ಕಡೆಗೆ ತಿರುಗಿದರೆ ಅಲ್ಲಿಯ ಹಟ ಇನ್ನೊಂದು ಬಗೆಯದು. ಅನೇಕ ಸಣ್ಣ ಕಾರುಗಳಲ್ಲಿ ಈ ಕೀಲಿನ ಕಡ್ಡಿಯು ಚಕ್ರದ ಗೆಣ್ಣಿನ ಒಂದು ಸೀಳಿದ ರಂಧ್ರದೊಳಗೆ ಕೂತಿರುತ್ತದೆ. ಅಡ್ಡಲಾಗಿ ಒಂದು ಬೋಲ್ಟು ಆ ಸೀಳನ್ನು ಬಿಗಿಯುತ್ತದೆ. ಅಡ್ಡ ಬೋಲ್ಟನ್ನು ಸಡಿಲಿಸಿ ತೋಳನ್ನು ಸುತ್ತಿಗೆಯಿಂದ ಬಡಿಯುತ್ತ ಕೂತವರು ಸಂಜೆಯವರೆಗೂ ಬಡಿದಾರು, ಕೀಲು ಇಳಿಯುವುದಿಲ್ಲ. ಕಾರಣ ಸರಳ. ಆ ಕಡ್ಡಿಯ ಮೈಯಲ್ಲಿ ಒಂದು ತೋಡಿದೆ, ಅಡ್ಡ ಬೋಲ್ಟು ಆ ತೋಡಿನೊಳಗೇ ಹಾದುಹೋಗುತ್ತದೆ. ಬಿಗಿಮಾಡುವವರು ಮರೆತರೂ ಚಕ್ರ ಕಳಚಿ ಬೀಳದಿರಲಿ ಎಂದು ರಚಿಸಿದವರು ಇಟ್ಟ ಕಾವಲು ಅದು. ಬೋಲ್ಟನ್ನು ಪೂರ್ತಿ ಹೊರಗೆಳೆದು, ಸೀಳಿಗೆ ಒಂದು ಚಾಣದ ತುದಿಯನ್ನು ಕೊಟ್ಟು ಎಳ್ಳಷ್ಟು ಅಗಲಿಸಿದರೆ ಸಾಕು, ಕೀಲು ಇಳಿಯುತ್ತದೆ. ಹೆಚ್ಚು ಅಗಲಿಸಿದರೆ ಗೆಣ್ಣೇ ಬಿರಿಯುತ್ತದೆ.

ಸ್ಟೀರಿಂಗಿನ ಕಡ್ಡಿಯ ತುದಿಯಲ್ಲಿರುವ ಕೀಲು ಇದಕ್ಕಿಂತಲೂ ಮೋಸಗಾರ. ಅದು ತುದಿಗೆ ಸಪೂರವಾಗುತ್ತ ಹೋಗುವ ಆಕಾರದ್ದು. ಬಾಟಲಿಗೆ ಬಿರಡೆ ಬಿಗಿದಂತೆ ತನ್ನ ರಂಧ್ರದಲ್ಲಿ ಬಿಗಿದು ಕೂತಿರುತ್ತದೆ. ತುಕ್ಕಿಲ್ಲದಿದ್ದರೂ, ನಟ್ಟನ್ನು ತೆಗೆದ ಮೇಲೂ, ಅದು ಬರುವುದಿಲ್ಲ. ಅದರ ತುದಿಗೆ ಸುತ್ತಿಗೆಯಿಂದ ಹೊಡೆಯುವುದು ಎಲ್ಲರ ಮೊದಲ ಆಲೋಚನೆ. ಫಲವಾಗಿ ತುದಿಯ ಸುರುಳಿಮರೆ ಚಪ್ಪಟೆಯಾಗಿ, ಹಳೆಯ ನಟ್ಟೂ ಹೊಸ ನಟ್ಟೂ ಅದಕ್ಕೆ ಕೂರದಂತಾಗುತ್ತದೆ. ಮೇಸ್ತ್ರಿಗಳ ರೀತಿ ಬೇರೆ. ನಟ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಉಳಿಸುತ್ತಾರೆ. ಕೀಲನ್ನು ಮುಟ್ಟುವುದಿಲ್ಲ, ಕೀಲು ಕೂತ ರಂಧ್ರದ ಹೊರಬದಿಗೆ ಒಂದು ಭಾರವಾದ ಸುತ್ತಿಗೆಯನ್ನು ಒತ್ತಿಹಿಡಿದು, ಎದುರುಬದಿಗೆ ಇನ್ನೊಂದು ಸುತ್ತಿಗೆಯಿಂದ ಒಂದೇ ಒಂದು ಬಲವಾದ ಪೆಟ್ಟು. ರಂಧ್ರ ಕ್ಷಣಮಾತ್ರ ಅಂಡಾಕಾರವಾಗುತ್ತದೆ, ಬಿರಡೆ ಸಡಿಲುತ್ತದೆ, ಉಳಿಸಿದ ನಟ್ಟು ಅದನ್ನು ನೆಲಕ್ಕೆ ಬೀಳದಂತೆ ಹಿಡಿಯುತ್ತದೆ. ಹತ್ತು ಸಣ್ಣ ಪೆಟ್ಟುಗಳು ಮಾಡದ್ದನ್ನು ಒಂದು ದೊಡ್ಡ ಪೆಟ್ಟು ಮಾಡುವುದು ಇಲ್ಲಿ. ಈ ಕೆಲಸದಲ್ಲಿ ಸ್ಟೀರಿಂಗಿನ ಕೀಲನ್ನು ಕಳಚುವ ಅಗತ್ಯವಿರಲಿಲ್ಲ. ಆದರೂ ಮೇಸ್ತ್ರಿಗಳು ಕೈಸನ್ನೆಯಿಂದಲೇ ಅದನ್ನೆಲ್ಲ ವಿವರಿಸಿದರು. ನಿವೃತ್ತಿಯಾದ ಮೇಲೆ ಇಂಥ ಶ್ರೋತೃಗಳು ಅವರಿಗೆ ದಿನವೂ ಸಿಗುವುದಿಲ್ಲ.

ರಾಯರಿಗೆ ಅಷ್ಟರಲ್ಲಿ ಇನ್ನೊಂದು ಹೊಳಹು ಬಂದಿತ್ತು. ಇಷ್ಟೆಲ್ಲ ಬಿಚ್ಚಿರುವಾಗ ಮೇಲಿನ ಶಾಕ್ ಅಬ್ಸಾರ್ಬರನ್ನೂ ತೆಗೆದು ನೋಡಿದರೇನು? ಎಂಜಿನ್ನಿನ ಮುಚ್ಚಳ ತೆರೆದರೆ ಅದರ ನೆತ್ತಿಯ ನಟ್ಟು ಕಣ್ಣೆದುರಿಗೇ ಕಾಣುತ್ತದೆ, ತುಕ್ಕೂ ಹಿಡಿದಿಲ್ಲ. ಸ್ಪ್ಯಾನರು ಕೊಟ್ಟರೆ ಬಂದೀತು.

ಬಂದೀತು, ಅದೇ ಅಪಾಯ. ಈ ಬಗೆಯ ಕಾರುಗಳಲ್ಲಿ ಮುಂದಿನ ಸುರುಳಿ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಕಂಬವಾಗಿ ಜೋಡಿಸಿರುತ್ತವೆ. ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ ಹೆಸರಿನಿಂದ ಪ್ರಸಿದ್ಧವಾದ ಈ ರಚನೆ 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್, ಜೆಫರ್ ಕಾರುಗಳಲ್ಲಿ ಬಂದು, ಮುಂದೆ ಲೋಕದ ಸಣ್ಣ ಕಾರುಗಳಲ್ಲೆಲ್ಲ ಹರಡಿತು. ಜಾಗ ಕಡಿಮೆ, ಖರ್ಚು ಕಡಿಮೆ. ಆದರೆ ಆ ಕಂಬದೊಳಗೆ ಸ್ಪ್ರಿಂಗು, ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೂ, ಅದುಮಿಕೊಂಡೇ ಕೂತಿರುತ್ತದೆ. ಅದನ್ನು ಅದುಮಿ ಹಿಡಿದಿರುವುದು ನೆತ್ತಿಯ ಆ ಒಂದು ನಟ್ಟು. ಒಂದು ಮಿಲಿಮೀಟರು ಅದುಮಲು ಎರಡು ಕಿಲೋಗ್ರಾಂ ಭಾರ ಬೇಕಾಗುವ ಸ್ಪ್ರಿಂಗೊಂದು ಹತ್ತು ಸೆಂಟಿಮೀಟರು ಅದುಮಿದೆ ಎಂದಿಟ್ಟುಕೊಂಡರೆ, ಅದು ಇನ್ನೂರು ಕಿಲೋಗ್ರಾಂ ಭಾರದಿಂದ ಮೇಲಕ್ಕೆ ಒತ್ತುತ್ತಿರುತ್ತದೆ. ಅದರೊಳಗೆ ಅಡಗಿದ ಶಕ್ತಿ, ಹತ್ತು ಕಿಲೋಗ್ರಾಮಿನ ಕಲ್ಲನ್ನು ಒಂದು ಮೀಟರು ಎತ್ತರದಿಂದ ಬಿಟ್ಟಂತೆ. ನಟ್ಟಿನ ಕೊನೆಯ ಸುತ್ತು ಬಿಟ್ಟ ಕೂಡಲೆ ಅಷ್ಟೂ ಒಂದು ಉಕ್ಕಿನ ತಟ್ಟೆಯ ಬೆನ್ನ ಮೇಲೇರಿ ಹೊರಡುತ್ತದೆ. ಬಗ್ಗಿ ನೋಡುತ್ತಿರುವವನ ಮುಖ ಅದರ ದಾರಿಯಲ್ಲಿಯೇ ಇರುತ್ತದೆ. ಸ್ಪ್ರಿಂಗನ್ನು ಹಿಡಿದು ಕುಗ್ಗಿಸುವ ಉಪಕರಣ ಗ್ಯಾರೇಜಿನಲ್ಲಿರುತ್ತದೆ. ಅಲ್ಲಿಯೂ ಅದನ್ನು ಎಚ್ಚರದಿಂದ ಬಳಸುತ್ತಾರೆ.

ಮೇಸ್ತ್ರಿಗಳು ರಾಯರ ಕೈಯಿಂದ ಸ್ಪ್ಯಾನರನ್ನು ಮೆಲ್ಲನೆ ತೆಗೆದುಕೊಂಡರು. ತಮ್ಮ ಎಡಗೈಯ ತೋರುಬೆರಳನ್ನು ಮುಂದೆ ಚಾಚಿದರು. ಅದಕ್ಕೆ ತುದಿಯ ಗೆಣ್ಣು ಇರಲಿಲ್ಲ. ಇಷ್ಟು ವರ್ಷ ನೆರೆಮನೆಯಲ್ಲಿದ್ದೂ ರಾಯರು ಅದನ್ನು ಗಮನಿಸಿರಲಿಲ್ಲ.

"ಲಾರಿಯ ಸ್ಪ್ರಿಂಗು," ಎಂದರು ಮೇಸ್ತ್ರಿಗಳು. "ಆಗ ನನಗೆ ಇಪ್ಪತ್ತೆರಡು. ಇದು ಶುಕ್ರವಾರ ಗ್ಯಾರೇಜಿಗೆ ಹೋಗ್ಲಿ ರಾಯ್ರೇ."

ರಾಯರು ಮುಚ್ಚಳವನ್ನು ಹಾಕಿದರು.

ಸೋಮವಾರ ಬ್ಯಾಂಕಿನಿಂದ ಬಂದ ಮೇಲೆ ಮತ್ತೆ ಬೋಲ್ಟಿನ ಪ್ರಯತ್ನ. ಒಂದು ದಿನ ಒಂದು ರಾತ್ರಿ ಎಣ್ಣೆ ಕುಡಿದರೂ ಅದು ಕೊಳವೆಯನ್ನು ಬಿಟ್ಟಿರಲಿಲ್ಲ. ಇಪ್ಪತ್ತು ಮಳೆಗಾಲದ ನಂಟು. ಇಂಥಲ್ಲಿ ಮುಂದಿನ ಹೆಜ್ಜೆ ಯಾವುದೆಂಬುದನ್ನು ಬೆಲೆ ನೋಡಿ ತೀರ್ಮಾನಿಸಬೇಕು. ತೋಳು ಹೇಗೂ ಹಳೆಯದು, ಹೋಗುವಂಥದು. ಬೋಲ್ಟು ಅಂಗಡಿಯಲ್ಲಿ ಸಿಗುವಂಥದು. ಆದರೆ ಬೋಲ್ಟು ಹಾದುಹೋಗುವ ಕಿವಿಗಳು ಕಾರಿನ ಒಡಲಿಗೆ ಬೆಸೆದವು. ಎಳೆದಾಟದಲ್ಲಿ ಅವು ಹರಿದರೆ ಅಂಗಡಿಯಲ್ಲಿ ಸಿಗುವುದಿಲ್ಲ, ಬೆಸುಗೆಯವನನ್ನು ಕರೆಯಬೇಕು. ಬಲಪ್ರಯೋಗ ಮಾಡುವವರು ಉಳಿಸಿಕೊಳ್ಳಲು ಹೆಣಗುವುದು ಅಗ್ಗದ ಬೋಲ್ಟನ್ನು, ಕಳೆದುಕೊಳ್ಳುವುದು ದುಬಾರಿಯ ಕಿವಿಯನ್ನು.

ಆದ್ದರಿಂದ ಬೋಲ್ಟನ್ನು ಕೊಯ್ಯುವುದೆಂದಾಯಿತು. ಬುಷ್ಷಿನ ಅಂಚಿಗೂ ಒಡಲಿನ ಕಿವಿಗೂ ನಡುವೆ ಗರಗಸದ ಅಲಗು ಹೋಗುವಷ್ಟು ಸಂದಿರುತ್ತದೆ. ಅಲಗನ್ನು ಹಿಡಿಯಿಂದ ಕಳಚಿ, ಒಂದು ತುದಿಗೆ ಬಟ್ಟೆ ಸುತ್ತಿ, ಮಲಗಿಕೊಂಡು ಕೊಯ್ಯಬೇಕು. ಇದರಲ್ಲಿ ಚಮತ್ಕಾರವೇನೂ ಇಲ್ಲ, ಬೇಸರ ಮಾತ್ರ ಉಂಟು. ಒಂದು ಬದಿಗೆ ಮುಕ್ಕಾಲು ಗಂಟೆ, ಇನ್ನೊಂದು ಬದಿಗೆ ಅದಕ್ಕಿಂತ ಹೆಚ್ಚು. ಮೂರು ಅಲಗು ಮುರಿದವು. ರಾಯರ ಮಗ ದೀಪ ಹಿಡಿದು ಕೂತು, ಮೊದಲು ಕುತೂಹಲದಿಂದ, ಆಮೇಲೆ ಆಕಳಿಕೆಯಿಂದ, ಅಪ್ಪನನ್ನು ನೋಡಿದ. ಒಂಬತ್ತೂವರೆಯ ಹೊತ್ತಿಗೆ ತೋಳು ಬೋಲ್ಟಿನ ನಡುತುಂಡಿನೊಡನೆ ಕೈಗೆ ಬಂತು. ತಲೆಯ ತುಂಡು ತಾನಾಗಿ ಉದುರಿತು. ನಟ್ಟಿನೊಳಗೆ ಉಳಿದ ತುಂಡು, ಎಳೆದು ಹಿಡಿದಿದ್ದ ಬಿಗಿತ ತಪ್ಪಿದ್ದರಿಂದ, ಇಕ್ಕುಳದ ಹಿಡಿತಕ್ಕೆ ಸಿಕ್ಕಿ ಮೆಲ್ಲನೆ ತಿರುಗುತ್ತ ಹೊರಬಂತು. ಒಡಲಿನ ಕಿವಿಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಮಂಗಳವಾರ ಜೋಡಣೆ. ಹೊಸ ಬೋಲ್ಟಿನ ಮೈಗೆ, ಸುರುಳಿಮರೆಯನ್ನು ಬಿಟ್ಟು, ಗ್ರೀಸು ಸವರಿದರು. ಮುಂದೆ ಇದನ್ನು ಬಿಚ್ಚುವವನು ಯಾರೇ ಇರಲಿ, ಅವನಿಗೆ ಗರಗಸ ಬೇಡವಾಗಲಿ ಎಂದು. ಹಳೆಯ ಸೀಳುಪಿನ್ನನ್ನು ನೇರಮಾಡಿ ಮತ್ತೆ ಹಾಕಹೊರಟ ರಾಯರಿಗೆ ಮೇಸ್ತ್ರಿಗಳು ಹೊಸದನ್ನು ಕೊಟ್ಟರು. ಇಲ್ಲಿ ಬಹಳ ಮಂದಿ ಎಡವುವ ಒಂದು ಸಂಗತಿಯುಂಟು. ಗಾಡಿ ಸ್ಟ್ಯಾಂಡಿನ ಮೇಲಿರುವಾಗ ತೋಳು ಕೆಳಕ್ಕೆ ಜೋತುಬಿದ್ದಿರುತ್ತದೆ. ಆ ಸ್ಥಿತಿಯಲ್ಲಿಯೇ ಒಳತುದಿಯ ಬೋಲ್ಟನ್ನು ಪೂರ್ತಿ ಬಿಗಿದರೆ ರಬ್ಬರು ಅದನ್ನೇ ತನ್ನ ಸಹಜ ನಿಲವೆಂದು ಹಿಡಿಯುತ್ತದೆ. ಗಾಡಿಯನ್ನು ಇಳಿಸಿದಾಗ ತೋಳು ಮೇಲಕ್ಕೆ ಹೋಗಿ, ರಬ್ಬರು ನಿಂತಲ್ಲಿಯೂ ತಿರುಚಿಕೊಂಡೇ ಇರುತ್ತದೆ. ಆದಿತ್ಯವಾರ ರಾಯರನ್ನು ಹತ್ತು ಸಲ ಏಮಾರಿಸಿದ ಅದೇ ತಿರುಚು. ಹೊಸ ಬುಷ್ ಹೀಗೆ ಬಹುಬೇಗ ಹರಿದುಹೋಗುತ್ತದೆ, ದೂರು ತಯಾರಿಸಿದವರ ಮೇಲೆ ಹೋಗುತ್ತದೆ. ಬೋಲ್ಟನ್ನು ಮೊದಲು ಕೈಬಿಗಿಯಷ್ಟೇ ಬಿಗಿದು, ಚಕ್ರ ತೊಡಿಸಿ, ಗಾಡಿಯನ್ನು ನೆಲಕ್ಕಿಳಿಸಿ, ನಾಲ್ಕು ಸಲ ಅದುಮಿ ತೂಗಾಡಿಸಿ, ಅದರ ಭಾರ ಚಕ್ರಗಳ ಮೇಲಿರುವಾಗ ಕಡೆಯ ಬಿಗಿ ಕೊಡಬೇಕು. ರಾಯರು ಹಾಗೆಯೇ ಮಾಡಿದರು. ಮೇಸ್ತ್ರಿಗಳು ಎರಡನೆಯ ಸಲ ತಾವೇ ಬಿಗಿದು ನೋಡಿದರು.

ಬುಧವಾರ ಬೆಳಗ್ಗೆ ಚಕ್ರಗಳ ನೇರವನ್ನು ಅಳೆಯುವ ಅಂಗಡಿಗೆ ಹೋಗಿ ಸರಿಪಡಿಸಿಕೊಂಡು ಬಂದು, ರಾಯರು ತಾಯಿಯನ್ನು ಹತ್ತಿಸಿಕೊಂಡು ಹೊರಟರು. ಮೊದಲನೆಯ ಉಬ್ಬು ಬಂತು, ಹೋಯಿತು, ಎಡಗಡೆ ಸದ್ದಿಲ್ಲ. ಎರಡನೆಯದೂ ಹಾಗೆಯೇ. ರಾಯರು ಏನನ್ನೂ ಹೇಳದೆ, ತಾಯಿ ಹೇಳಲಿ ಎಂದು ಕಾದರು. ಮೂರನೆಯ ಉಬ್ಬು ದಾಟಿದ ಮೇಲೆ ಅವರು ತಲೆಯನ್ನು ತುಸು ಓರೆಮಾಡಿ ಆಲಿಸಿದರು.

"ಈಗ ನಿನ್ನ ಬದಿಯಿಂದ ಎಂತದೋ ಕೇಳ್ತದಲ್ಲ ಮಗಾ?"